ಈಕ್ವಲೈಜರ್ ಕಿವಿ ತರಬೇತಿ: ಯಾವ ಪರದೆ ಯಾರ ಕೈಗೆ?

ಧ್ವನಿಯ ಬೇರೆ ಬೇರೆ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಸಾಧನವೇ ಈಕ್ವಲೈಜರ್, ಚಿಕ್ಕದಾಗಿ ಈಕ್ಯೂ. ಅದರ ಕಿವಿ ತರಬೇತಿ ತಂತ್ರಾಂಶಗಳೆಲ್ಲ ಒಳಗೆ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಒಂದು ಧ್ವನಿಯನ್ನು ಎತ್ತಿಕೊಂಡು, ಅದರಲ್ಲಿ ಯಾವುದೋ ಒಂದು ಫ್ರೀಕ್ವೆನ್ಸಿಯನ್ನು ಏರಿಸಿಯೋ ಇಳಿಸಿಯೋ ಕೇಳಿಸಿ, ‘ಎಲ್ಲಿ ಕೈ ಹಾಕಿದ್ದೇನೆ ಹೇಳು’ ಎನ್ನುತ್ತವೆ. ವ್ಯತ್ಯಾಸವೆಲ್ಲ ಇರುವುದು ಉತ್ತರ ಹೇಳುವ ಬಗೆಯಲ್ಲಿ. ನಾಲ್ಕು ಬಟನ್‌ಗಳಲ್ಲಿ ಒಂದನ್ನು ಒತ್ತಬೇಕೆ, ಸಾಲಾಗಿ ನಿಂತ ಸ್ಲೈಡರ್‌ಗಳಲ್ಲಿ ಒಂದನ್ನು ಎಳೆಯಬೇಕೆ, ಗೆರೆಯ ಮೇಲಿನ ಚುಕ್ಕಿಯನ್ನು ಹಿಡಿದು ಓಡಾಡಿಸಬೇಕೆ? ಇದು ಅಲಂಕಾರದ ಪ್ರಶ್ನೆ ಎಂದು ತಿಳಿದವರು ಮೂರು ತಿಂಗಳು ಅಭ್ಯಾಸ ಮಾಡಿ ಆಟದಲ್ಲಿ ನೂರಕ್ಕೆ ತೊಂಬತ್ತು ಗಳಿಸುತ್ತಾರೆ. ನಿಜವಾದ ಸೌಂಡ್ ಮಿಕ್ಸರ್ ಮುಂದೆ ಕೂತಾಗ ತಡಬಡಾಯಿಸುತ್ತಾರೆ. ಪಳಗಿದ್ದು ಕಿವಿಯಲ್ಲ, ಕಣ್ಣು.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಉತ್ತರ ಕೊಡುವ ಮುನ್ನ ಆದಷ್ಟು ಕಡಿಮೆ ತೋರಿಸಿ, ಉತ್ತರ ಕೊಟ್ಟ ಮೇಲೆ ಆದಷ್ಟು ಹೆಚ್ಚು ತೋರಿಸುವ ಪರದೆಯೇ ಒಳ್ಳೆಯದು. ಅದರ ಜೊತೆಗೆ, ಉತ್ತರ ಕೊಡುವ ಕೈಚಲನೆ ನಿಮ್ಮ ದಿನನಿತ್ಯದ ಕೆಲಸದ ಕೈಚಲನೆಯನ್ನೇ ಹೋಲಬೇಕು. ಮುಂದಿನ ಹೋಲಿಕೆಯೆಲ್ಲ ಈ ಎರಡು ಅಳತೆಗೋಲುಗಳ ಮೇಲೆಯೇ ನಿಂತಿದೆ.

ಮೊದಲು ಅಡ್ಡಗೆರೆ

ಯಾವ ತಂತ್ರಾಂಶವಾದರೂ ಎಡದಿಂದ ಬಲಕ್ಕೆ ಫ್ರೀಕ್ವೆನ್ಸಿ, ಕೆಳಗಿನಿಂದ ಮೇಲಕ್ಕೆ ಡಿಬಿ (ಡೆಸಿಬೆಲ್, ಧ್ವನಿಯ ಮಟ್ಟದ ಅಳತೆ). ಅಡ್ಡಗೆರೆಯಲ್ಲಿ ಸಮಾನ ದೂರ ಎಂದರೆ ಸಮಾನ ಹರ್ಟ್ಸ್ ಅಲ್ಲ, ಸಮಾನ ಅನುಪಾತ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ಸುಮಾರು ಹತ್ತು ಆಕ್ಟೇವ್‌ಗಳು. ನಮ್ಮ ಸಂಗೀತದ ಮಾತಿನಲ್ಲಿ ಹತ್ತು ಸ್ಥಾಯಿಗಳು; ಫ್ರೀಕ್ವೆನ್ಸಿ ಇಮ್ಮಡಿಯಾದರೆ ಒಂದು ಸ್ಥಾಯಿ. 200ರಿಂದ 250ಕ್ಕೆ ಇರುವ ಅಂತರ 50 ಹರ್ಟ್ಸ್, 8000ದಿಂದ 10000ಕ್ಕೆ ಇರುವುದು 2000 ಹರ್ಟ್ಸ್. ಕಿವಿಗೂ ಪರದೆಗೂ ಇವೆರಡೂ ಒಂದೇ ಹೆಜ್ಜೆ, ಸ್ಥಾಯಿಯ ಮೂರನೇ ಒಂದು ಭಾಗ. ಹಾಗಾಗಿ ‘ನಿಮ್ಮ ಉತ್ತರ 600 ಹರ್ಟ್ಸ್ ತಪ್ಪಿತು’ ಎಂದು ಲೆಕ್ಕ ಒಪ್ಪಿಸುವ ತಂತ್ರಾಂಶದ ಅಂಕಪಟ್ಟಿಯಿಂದ ಏನೂ ತಿಳಿಯುವುದಿಲ್ಲ. 1000ದ ಬದಲು 1600 ಎಂದರೆ ಮುಕ್ಕಾಲು ಸ್ಥಾಯಿಗೆ ಹತ್ತಿರದ ದೊಡ್ಡ ತಪ್ಪು. 10000ದ ಬದಲು 10600 ಎಂದರೆ ಬಹುತೇಕ ಸರಿಯುತ್ತರ. ತಪ್ಪನ್ನು ಸ್ಥಾಯಿಯಲ್ಲಿ ಅಳೆಯುವುದನ್ನೇ ಆರಿಸಿಕೊಳ್ಳಿ.

ಗೆರೆಗಳ ಗುರುತು ಕೂಡ ಮೋಸ ಮಾಡುತ್ತದೆ. ಹಲವು ಪರದೆಗಳಲ್ಲಿ 20, 50, 100, 200, 500, 1000 ಎಂದು ಗೆರೆ ಎಳೆದಿರುತ್ತಾರೆ. 100ರಿಂದ 200ಕ್ಕೆ ಒಂದು ಸ್ಥಾಯಿ ಸರಿ, ಆದರೆ 200ರಿಂದ 500ಕ್ಕೆ ಒಂದೂಕಾಲಿಗಿಂತ ಹೆಚ್ಚು. ಮನೆಗಳು ಸಮವಾಗಿಲ್ಲದ ಈ ಚೌಕಟ್ಟನ್ನು ಕಣ್ಣು ಕಂಠಪಾಠ ಮಾಡಿಕೊಂಡರೆ ಸ್ಥಾಯಿಯ ಅಂದಾಜು ಕೂರುವುದೇ ಇಲ್ಲ. 31.5, 63, 125, 250, 500, 1000, 2000, 4000, 8000, 16000 ಎಂಬ ಪಟ್ಟಿಯಲ್ಲಿ ಗುರುತು ಹಾಕಿರುವ ಪರದೆ ಕಲಿಕೆಗೆ ಮೇಲು. ಗ್ರಾಫಿಕ್ ಈಕ್ವಲೈಜರ್‌ಗಳ ಮುಖದ ಮೇಲೂ ಇದೇ ಅಂಕಿಗಳಿರುತ್ತವೆ.

ಇನ್ನೊಂದು ಸೂಕ್ಷ್ಮ: 20ರಿಂದ 20000ದವರೆಗಿನ ಪರದೆಯ ಸರಿಮಧ್ಯೆ ಇರುವುದು 1000 ಅಲ್ಲ, ಸುಮಾರು 632 ಹರ್ಟ್ಸ್. ಗೊತ್ತಾಗದಿದ್ದಾಗ ಕೈ ತಾನಾಗಿ ಮಧ್ಯಕ್ಕೆ ಹೋಗುತ್ತದೆ. ನಿಮ್ಮ ತಪ್ಪು ಉತ್ತರಗಳೆಲ್ಲ 500–800ರ ನಡುವೆ ಗುಂಪುಗೂಡಿದ್ದರೆ ಅದು ಕಿವಿಯ ದೋಷವಲ್ಲ, ಪರದೆಯ ಸೆಳೆತ. ಚುಕ್ಕಿಯನ್ನು ಪ್ರತಿ ಪ್ರಶ್ನೆಗೂ ಒಂದೇ ಕಡೆ ತಂದು ನಿಲ್ಲಿಸುವ ತಂತ್ರಾಂಶಗಳಲ್ಲಿ ಈ ಸೆಳೆತ ಇನ್ನೂ ಜೋರು.

ಬಟನ್ ಪರದೆ

ಕ್ವಿಜ್‌ಟೋನ್ಸ್ ಬಗೆಯ ಆ್ಯಪ್‌ಗಳಲ್ಲಿ ಧ್ವನಿ ಕೇಳಿಸುತ್ತದೆ, ಕೆಳಗೆ ನಾಲ್ಕು ಫ್ರೀಕ್ವೆನ್ಸಿಗಳ ಹೆಸರಿರುತ್ತದೆ, ಒಂದನ್ನು ಒತ್ತುವುದು. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಐದು ನಿಮಿಷ ಸಿಕ್ಕಲ್ಲಿ ಮಾಡಬಹುದು. ಹೊಸಬರಿಗೆ ಇದಕ್ಕಿಂತ ಸುಲಭದ ಬಾಗಿಲಿಲ್ಲ.

ದೋಷ ಒಂದೇ, ಆದರೆ ದೊಡ್ಡದು. ನಾಲ್ಕರಲ್ಲಿ ಒಂದು ಎಂದರೆ ಕಣ್ಣು ಮುಚ್ಚಿ ಒತ್ತಿದರೂ ನೂರಕ್ಕೆ 25 ಸಿಗುತ್ತದೆ. ಜೊತೆಗೆ 100, 800, 3000, 12000 ಎಂದು ದೂರದೂರದ ಆಯ್ಕೆಗಳು ಬಂದರೆ ಗುರುತಿಸುವ ಪ್ರಶ್ನೆಯೇ ಉಳಿಯುವುದಿಲ್ಲ, ಕಳೆಯುತ್ತ ಹೋಗುವ ಲೆಕ್ಕವಾಗುತ್ತದೆ. ಅದೃಷ್ಟದ ಪಾಲನ್ನು ತೆಗೆದು ಲೆಕ್ಕ ಹಾಕಿದರೆ ನಾಲ್ಕು ಆಯ್ಕೆಯ ಪರದೆಯಲ್ಲಿ 20ಕ್ಕೆ 12 ಬಂದದ್ದೂ ಹತ್ತು ಆಯ್ಕೆಯ ಪರದೆಯಲ್ಲಿ 20ಕ್ಕೆ 10 ಬಂದದ್ದೂ ಹತ್ತಿರ ಹತ್ತಿರ ಸಮ. ಎರಡು ಆ್ಯಪ್‌ಗಳ ಅಂಕಗಳನ್ನು ಪಕ್ಕದಲ್ಲಿಟ್ಟು ಹೋಲಿಸುವಾಗ ಇದು ನೆನಪಿರಲಿ.

ಬಟನ್ ಪರದೆಯಿಂದ ಪೂರ್ತಿ ಲಾಭ ಪಡೆಯುವ ಉಪಾಯ: ಧ್ವನಿ ಕೇಳುವಾಗ ಫೋನನ್ನು ಬೋರಲು ಹಾಕಿ. ಫ್ರೀಕ್ವೆನ್ಸಿಯನ್ನು ಬಾಯಿಬಿಟ್ಟು ಹೇಳಿ. ಆಮೇಲೆ ಫೋನ್ ತಿರುಗಿಸಿ ಆಯ್ಕೆಗಳನ್ನು ನೋಡಿ. ನೀವು ಹೇಳಿದ ಅಂಕಿ ಅಥವಾ ಅದರ ತೀರ ಪಕ್ಕದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದೆ ಒತ್ತಿದ್ದು ಸರಿಯಾದರೂ ಅದನ್ನು ತಪ್ಪೆಂದೇ ಎಣಿಸಿ.

ಸ್ಲೈಡರ್ ಸಾಲು

ಗ್ರಾಫಿಕ್ ಈಕ್ವಲೈಜರ್‌ನ ಹಾಗೆ ಹತ್ತು ಅಥವಾ 31 ಸ್ಲೈಡರ್‌ಗಳು ನಿಂತಿರುವ ಪರದೆ. ಸೌಂಡ್ ಸಿಸ್ಟಂ ನಡೆಸುವವರಿಗೆ, ಉತ್ಸವದ ಪೆಂಡಾಲಿನಿಂದ ಹಿಡಿದು ಸಭಾಂಗಣದ ಸಂಗೀತ ಕಚೇರಿಯವರೆಗೆ ಮೈಕ್ ‘ಕುಂಯ್’ ಎನ್ನುವುದನ್ನು ಅಡಗಿಸಬೇಕಾದವರಿಗೆ, ನಾವು ಹೇಳುವುದು ಇದನ್ನೇ. ಕಾರಣ ಸರಳ: ಕೆಲಸದಲ್ಲೂ ಅವರ ಬೆರಳು ಹೋಗಬೇಕಾದದ್ದು ಇಂಥ ಒಂದು ಸ್ಲೈಡರಿಗೇ. ಬೆಹ್ರಿಂಗರ್ ಎಕ್ಸ್32ರಂಥ ಡಿಜಿಟಲ್ ಮಿಕ್ಸರ್‌ಗಳಲ್ಲೂ ಫೇಡರ್‌ಗಳನ್ನೇ 31 ಬ್ಯಾಂಡಿನ (ಫ್ರೀಕ್ವೆನ್ಸಿ ಭಾಗಗಳ) ಸ್ಲೈಡರ್‌ಗಳಾಗಿ ತಿರುಗಿಸಿಕೊಳ್ಳುವ ಸೌಲಭ್ಯವಿದೆ.

31 ಸ್ಲೈಡರ್ ಎಂದರೆ ಒಂದು ಸ್ಥಾಯಿಗೆ ಮೂರು. ಸಂಗೀತ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಸ್ಥಾಯಿಯ ಮೂರನೇ ಒಂದು ಭಾಗವೆಂದರೆ ನಾಲ್ಕು ಸ್ವರಸ್ಥಾನಗಳ ನೆಗೆತ, ಅಂದರೆ ಷಡ್ಜದಿಂದ ಅಂತರ ಗಾಂಧಾರಕ್ಕೆ ಇರುವಷ್ಟು ದೂರ. ಮತ್ತೊಂದು ಹೆಜ್ಜೆ ಇಟ್ಟರೆ ಶುದ್ಧ ಧೈವತ, ಇನ್ನೊಂದಕ್ಕೆ ಮೇಲಿನ ಷಡ್ಜ. ಹಾರ್ಮೋನಿಯಂನ ಬಿಳಿ ಐದರ ಶ್ರುತಿ ಹಿಡಿದರೆ ಷಡ್ಜ 196 ಹರ್ಟ್ಸ್. ಅದರ ಮೇಲಿನ ಷಡ್ಜಗಳು 392, 784, 1568. ಇವು ಸ್ಲೈಡರ್‌ನ 200, 400, 800, 1600ರ ಪಕ್ಕದಲ್ಲೇ ಬಂದು ಕೂರುತ್ತವೆ. ನಡುವಿನ 250 ಅಂತರ ಗಾಂಧಾರದ ಹತ್ತಿರ, 315 ಶುದ್ಧ ಧೈವತದ ಹತ್ತಿರ. ಮೈಕ್ ಕೂಗಿದಾಗ ಆ ಕೂಗನ್ನು ಸ್ವರವಾಗಿ ಹಿಡಿಯಬಲ್ಲವರು ಎರಡನೇ ಪ್ರಯತ್ನಕ್ಕೇ ಸರಿಯಾದ ಸ್ಲೈಡರ್ ಮುಟ್ಟುತ್ತಾರೆ.

ಅಭ್ಯಾಸದ ಧ್ವನಿಯೂ ಕೆಲಸಕ್ಕೆ ತಕ್ಕಂತಿರಬೇಕು. ಮೈಕ್ ಕೂಗು ಒಂದೇ ಸ್ವರದ ಶುದ್ಧ ನಾದ. ಆದ್ದರಿಂದ ಲೈವ್ ಕೆಲಸದವರು ಸೈನ್ ಟೋನ್ ಕೇಳಿಸುವ ಪಾಠಗಳನ್ನೂ ಮಾಡಬೇಕು, ಸಂಗೀತದ ಮೇಲೆ 12 ಡಿಬಿ ಏರಿಸಿದ ಪಾಠಗಳಷ್ಟೇ ಸಾಲವು. ಸ್ಟುಡಿಯೋದವರಿಗೆ ಸೈನ್ ಟೋನ್ ಪಾಠದಿಂದ ಅಷ್ಟೇನೂ ಪ್ರಯೋಜನವಿಲ್ಲ.

ಸ್ಲೈಡರ್ ಸಾಲಿನ ಕೊರತೆ ಅಗಲದ್ದು. ಏರಿಕೆ ಎಷ್ಟು ಅಗಲವಾಗಿದೆ ಎಂಬ ಪ್ರಶ್ನೆಯನ್ನು ಈ ಪರದೆ ಕೇಳುವುದೇ ಇಲ್ಲ. ಎಲ್ಲವೂ ಒಂದು ಸ್ಥಾಯಿ ಅಥವಾ ಅದರ ಮೂರನೇ ಒಂದು.

ಗೆರೆ ಮತ್ತು ಚುಕ್ಕಿ

ಪ್ಯಾರಾಮೆಟ್ರಿಕ್ ಈಕ್ಯೂ ಪ್ಲಗಿನ್‌ಗಳ ಮುಖವನ್ನೇ ಹೋಲುವ ಪರದೆ. ಚುಕ್ಕಿಯನ್ನು ಅಡ್ಡಕ್ಕೆ ಎಳೆದರೆ ಫ್ರೀಕ್ವೆನ್ಸಿ, ಮೇಲೆ ಕೆಳಗೆ ಎಳೆದರೆ ಡಿಬಿ, ಮೌಸಿನ ಚಕ್ರ ತಿರುಗಿಸಿದರೆ ಸಾಮಾನ್ಯವಾಗಿ ಕ್ಯೂ, ಅಂದರೆ ಏರಿಕೆಯ ಅಗಲವನ್ನು ಹೇಳುವ ಅಂಕಿ; ಕ್ಯೂ ಹೆಚ್ಚಿದಷ್ಟೂ ಅಗಲ ಕಿರಿದು. ಸ್ಟುಡಿಯೋದಲ್ಲಿ, ಮನೆಯಲ್ಲಿ ಮಿಕ್ಸ್ ಮಾಡುವವರಿಗೆ ಕೊನೆಗೆ ಬೇಕಾದದ್ದು ಇದೇ. ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವ ಪರದೆ ಇದೊಂದೇ: ಎಲ್ಲಿ, ಎಷ್ಟು, ಎಷ್ಟು ಅಗಲ.

ಅಗಲದ ಅಂಕಿಯನ್ನು ಒಂದೊಂದು ತಂತ್ರಾಂಶ ಒಂದೊಂದು ಭಾಷೆಯಲ್ಲಿ ಹೇಳುತ್ತದೆ. ಕ್ಯೂ 0.67 ಎಂದರೆ ಎರಡು ಸ್ಥಾಯಿ ಅಗಲ, 1.41 ಎಂದರೆ ಒಂದು ಸ್ಥಾಯಿ, 4.32 ಎಂದರೆ ಮೂರನೇ ಒಂದು ಸ್ಥಾಯಿ. ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶದ ಜೊತೆ ಬರುವ ರಿಯಾಇಕ್ಯೂ ಎಂಬ ಈಕ್ವಲೈಜರ್ ಕ್ಯೂ ತೋರಿಸುವುದಿಲ್ಲ, ಅಗಲವನ್ನು ನೇರವಾಗಿ ಆಕ್ಟೇವ್‌ನಲ್ಲೇ ಹೇಳುತ್ತದೆ. ಒಂದರಲ್ಲಿ ಕಲಿತು ಇನ್ನೊಂದರಲ್ಲಿ ಕೆಲಸ ಮಾಡುವವರು ಈ ಮೂರು ಜೋಡಿಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು.

ಫೋನಿನಲ್ಲಿ ಈ ಪರದೆ ಬೇಡ. ಅದು ಅಭಿಪ್ರಾಯವಲ್ಲ, ಲೆಕ್ಕ. ಸಾಮಾನ್ಯ ಆಂಡ್ರಾಯ್ಡ್ ಫೋನಿನ ಪರದೆ ಉದ್ದಕ್ಕೆ ಹಿಡಿದಾಗ ಸುಮಾರು 360 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಘಟಕ) ಅಗಲ. ಹತ್ತು ಸ್ಥಾಯಿಗಳನ್ನು ಅದರಲ್ಲಿ ತುರುಕಿದರೆ ಒಂದಕ್ಕೆ 36 ಡಿಪಿ. ಬೆರಳಿನಿಂದ ಒತ್ತುವ ಗುರಿ ಕನಿಷ್ಠ 48 ಡಿಪಿ ಇರಲಿ ಎನ್ನುವುದು ಆಂಡ್ರಾಯ್ಡ್‌ನದೇ ಸೂಚನೆ. ಅಂದರೆ ಬೆರಳ ತುದಿಯೇ ಒಂದು ಸ್ಥಾಯಿಗಿಂತ ಹೆಚ್ಚು ಜಾಗವನ್ನು ಮುಚ್ಚುತ್ತದೆ. ಚುಕ್ಕಿ ಬೆರಳಿನ ಕೆಳಗೆ ಅಡಗಿ ಕೂತಿರುತ್ತದೆ. ಅಡ್ಡ ಹಿಡಿದರೆ ಸ್ಥಾಯಿಗೆ 80 ಡಿಪಿ ಸುತ್ತಮುತ್ತ ಸಿಗುತ್ತದೆ, ಆದರೂ ಮೂರನೇ ಒಂದು ಸ್ಥಾಯಿಯ ನಿಖರತೆಗೆ ಸಾಲದು. ಕಿವಿ ಸರಿಯಾಗಿ ಕೇಳಿ ಬೆರಳು ತಪ್ಪಿಸಿದರೂ ಅಂಕ ಕಳೆಯುತ್ತದೆ, ಅಭ್ಯಾಸಿ ತನ್ನ ಕಿವಿಯನ್ನೇ ಅನುಮಾನಿಸುತ್ತಾನೆ. ಫೋನಿಗೆ ಬಟನ್, ಕಂಪ್ಯೂಟರಿಗೆ ಚುಕ್ಕಿ. ಸೌಂಡ್‌ಜಿಮ್‌ನಂತೆ ಬ್ರೌಸರಿನಲ್ಲಿ ಓಡುವ ಆಟಗಳನ್ನೂ ಲ್ಯಾಪ್‌ಟಾಪಿನಲ್ಲೇ ಆಡುವುದು ಲೇಸು.

ಕಣ್ಣು ಕಾಣದವರಿಗೆ ಎಳೆಯುವ ಚುಕ್ಕಿ ಹೆಚ್ಚಿನ ಕಡೆ ಮುಚ್ಚಿದ ಬಾಗಿಲು. ಸ್ಕ್ರೀನ್ ರೀಡರ್‌ಗೆ ಹೆಸರಿರುವ ಬಟನ್ ಓದಲು ಬರುತ್ತದೆ, ಗೆರೆ ಬರುವುದಿಲ್ಲ. ಅಂಥವರು ಬಟನ್ ಪರದೆಯನ್ನೋ, ಮುಂದೆ ಹೇಳುವ ಪರದೆಯೇ ಇಲ್ಲದ ದಾರಿಯನ್ನೋ ಹಿಡಿಯಬಹುದು. ಒಸಾರಾ ಎಂಬ ವಿಸ್ತರಣೆ ಹಾಕಿಕೊಂಡರೆ ರೀಪರ್ ಕೂಡ ಕೀಬೋರ್ಡಿನಿಂದಲೇ ಬಳಕೆಗೆ ಬರುತ್ತದೆ.

ಊಹಿಸುವುದೋ, ಸರಿಪಡಿಸುವುದೋ

ಪರದೆಯ ರೂಪಕ್ಕಿಂತ ಮುಖ್ಯವಾದ ಕವಲು ಇದು. ಟ್ರೇನ್‌ಯುವರ್‌ಇಯರ್ಸ್ ತಂತ್ರಾಂಶದಲ್ಲಿ ಎರಡೂ ಇವೆ. ಒಂದರಲ್ಲಿ ತಂತ್ರಾಂಶ ಧ್ವನಿಯನ್ನು ಕೆಡಿಸುತ್ತದೆ, ಏನು ಮಾಡಿತೆಂದು ನೀವು ಊಹಿಸಬೇಕು. ಇನ್ನೊಂದರಲ್ಲಿ ಕೆಟ್ಟ ಧ್ವನಿಯನ್ನು ನೀವೇ ಈಕ್ಯೂ ಹಾಕಿ ಸರಿಪಡಿಸಬೇಕು; ಅದು 2000ದಲ್ಲಿ 9 ಡಿಬಿ ಏರಿಸಿದ್ದರೆ ನೀವು ಅಲ್ಲೇ 9 ಡಿಬಿ ಇಳಿಸಬೇಕು. ಮಿಕ್ಸಿಂಗ್‌ನಲ್ಲಿ ದಿನವೂ ಮಾಡುವುದು ಎರಡನೆಯದನ್ನೇ, ಹಾಗಾಗಿ ಕೈ ಕೂತ ಮೇಲೆ ಅದಕ್ಕೇ ಹೆಚ್ಚು ಸಮಯ ಕೊಡಿ.

ಮೂರನೆಯ ಬಗೆಯೂ ಇದೆ: ‘ಪ್ರಶ್ನೆ’, ‘ನಿಮ್ಮ ಉತ್ತರ’, ‘ಮೂಲ’ ಎಂಬ ಮೂರು ಗುಂಡಿಗಳನ್ನು ಬದಲಾಯಿಸಿ ಕೇಳುತ್ತ, ಪ್ರಶ್ನೆಯೂ ಉತ್ತರವೂ ಒಂದೇ ಥರ ಕೇಳುವವರೆಗೆ ಚುಕ್ಕಿಯನ್ನು ಸರಿಸುವುದು. ಇದು ಹಿತವಾದ ಅಭ್ಯಾಸ, ಎಡವಟ್ಟೂ ಇದರಲ್ಲೇ. ಎತ್ತರದ ಏರಿಕೆಯನ್ನು ಎಡದಿಂದ ಬಲಕ್ಕೆ ಗುಡಿಸುತ್ತ ಹೋಗಿ, ಹೊಂದಿದ ಜಾಗದಲ್ಲಿ ನಿಂತರೆ ಉತ್ತರ ಸಿಗುತ್ತದೆ. ಆದರೆ ಪಳಗಿದ್ದು ಹೋಲಿಸುವ ಶಕ್ತಿ ಮಾತ್ರ. ಹೋಲಿಸಲು ಏನೂ ಇಲ್ಲದಾಗ ‘ಇದು 500’ ಎಂದು ಹೆಸರಿಡುವ ನೆನಪು ಬೆಳೆಯುವುದಿಲ್ಲ. ಕಟ್ಟಳೆ ಹೀಗಿರಲಿ: ಚುಕ್ಕಿ ಮುಟ್ಟುವ ಮುನ್ನ ಒಂದು ಅಂಕಿಯನ್ನು ಕಾಗದದ ಮೇಲೆ ಬರೆಯಿರಿ, ಆಮೇಲೆ ಚುಕ್ಕಿಯನ್ನು ನೇರ ಅಲ್ಲಿಗೇ ಇಡಿ, ತಿದ್ದಲು ಎರಡೇ ಅವಕಾಶ. ಅಂಕ ಕೊಡಬೇಕಾದದ್ದು ಕಾಗದದ ಮೇಲಿನ ಮೊದಲ ಅಂಕಿಗೆ.

ಹರ್ಮನ್ ಕಂಪನಿಯ ಉಚಿತ ತಂತ್ರಾಂಶ ‘ಹೌ ಟು ಲಿಸನ್’ ಇನ್ನೊಂದು ಜಾಡು ಹಿಡಿಯುತ್ತದೆ. ಸ್ಪೀಕರ್, ಹೆಡ್‌ಫೋನ್ ಪರೀಕ್ಷಿಸುವ ಕೇಳುಗರನ್ನು ಪಳಗಿಸುವ ಕ್ರಮದಿಂದ ಬಂದದ್ದು ಅದು. ಅಂಕಿಗಳ ಬದಲು ಈಕ್ಯೂ ಗೆರೆಗಳ ಚಿತ್ರಗಳನ್ನು ಮುಂದಿಟ್ಟು, ಕೇಳಿದ ಧ್ವನಿ ಯಾವ ಚಿತ್ರದ್ದು ಎನ್ನುತ್ತದೆ. ಸರಿಯಾಗಿ ಹೇಳಿದಷ್ಟೂ ಪಾಠ ಬಿಗಿಯಾಗುತ್ತ ಹೋಗುತ್ತದೆ. ಉಬ್ಬುಗಳಿಗೂ ತಗ್ಗುಗಳಿಗೂ ಬೇರೆ ಬೇರೆ ಪಾಠಗಳಿವೆ. ಹೆಡ್‌ಫೋನ್ ವಿಮರ್ಶೆ ಬರೆಯುವವರಿಗೆ, ಅಳತೆಯ ನಕ್ಷೆಗಳನ್ನು ಓದಬೇಕಾದವರಿಗೆ ಇದು ಹೇಳಿ ಮಾಡಿಸಿದ್ದು. ಹಳೆಯ ತಂತ್ರಾಂಶವಾದ್ದರಿಂದ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೆಯೇ ಎಂದು ಮೊದಲು ಹಾಕಿ ನೋಡಬೇಕು.

ಕಣ್ಣಿಗೆ ಸುಳಿವು ಕೊಡುವ ಮೂರು ಕಳ್ಳರು

ಮೊದಲನೆಯದು ಸ್ಪೆಕ್ಟ್ರಂ ಅನಲೈಸರ್, ಅಂದರೆ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಎಂದು ಚಿತ್ರವಾಗಿ ತೋರಿಸುವುದು. ಗೆರೆಯ ಹಿಂದೆ ಕುಣಿಯುವ ಬೆಟ್ಟಗುಡ್ಡ ತೆರೆದಿದ್ದರೆ ಉತ್ತರ ಅಲ್ಲೇ ಉಬ್ಬಿಕೊಂಡಿರುತ್ತದೆ. ಪ್ರಶ್ನೆಯ ಹೊತ್ತಿಗೆ ಅದನ್ನು ಆಫ್ ಮಾಡಲು ಬಾರದಿದ್ದರೆ ಆ ತಂತ್ರಾಂಶವನ್ನು ಬಿಟ್ಟುಬಿಡಿ, ಬೇರೆ ವಾದವೇ ಬೇಡ. ಉತ್ತರದ ನಂತರ ಮಾತ್ರ ಅದು ಒಳ್ಳೆಯ ಮೇಷ್ಟ್ರು. ಆಗಲೂ ತಗ್ಗಿನ ಫ್ರೀಕ್ವೆನ್ಸಿಗಳಲ್ಲಿ ಅದನ್ನು ಪೂರ್ತಿ ನಂಬಬೇಡಿ. 48 ಕಿಲೋಹರ್ಟ್ಸ್‌ನಲ್ಲಿ 4096 ಬಿಂದುಗಳ ಅನಲೈಸರಿನ ಒಂದೊಂದು ಮನೆ ಸುಮಾರು 12 ಹರ್ಟ್ಸ್ ಅಗಲ. 63 ಹರ್ಟ್ಸ್ ಸುತ್ತಲಿನ ಮೂರನೇ ಒಂದು ಸ್ಥಾಯಿಯ ಪೂರ್ತಿ ಅಗಲವೇ ಸುಮಾರು 15 ಹರ್ಟ್ಸ್. ಬೇಸಿನ ಭಾಗ ಮಬ್ಬಾಗಿ ಕಾಣುವುದು ಅದಕ್ಕೇ.

ಎರಡನೆಯದು ಲೆವೆಲ್ ಮೀಟರ್. ಇದರ ಕಳ್ಳತನ ಇನ್ನೂ ನಯ. ಒಂದೇ ಸಮನೆ ‘ಶ್’ ಎನ್ನುವ ಪಿಂಕ್ ನಾಯ್ಸ್ ಎಂಬ ಪರೀಕ್ಷಾ ಧ್ವನಿಯಲ್ಲಿ ಪ್ರತಿ ಸ್ಥಾಯಿಯಲ್ಲೂ ಸಮಾನ ಶಕ್ತಿ ಇರುವುದರಿಂದ, ಹತ್ತರಲ್ಲಿ ಯಾವ ಸ್ಥಾಯಿಯನ್ನು 12 ಡಿಬಿ ಏರಿಸಿದರೂ ಒಟ್ಟು ಮಟ್ಟ ಸುಮಾರು 4 ಡಿಬಿ ಏರುತ್ತದೆ. ಮೀಟರಿನಿಂದ ಏನೂ ತಿಳಿಯದು. ಸಂಗೀತದಲ್ಲಿ ಹಾಗಲ್ಲ. ಶಕ್ತಿಯೆಲ್ಲ ಕೆಳಗಡೆ ತುಂಬಿರುವ ಸಿನಿಮಾ ಹಾಡಿನಲ್ಲಿ 63 ಅಥವಾ 125 ಏರಿಸಿದರೆ ಮೀಟರ್ ನೆಗೆಯುತ್ತದೆ, 8000 ಏರಿಸಿದರೆ ಅಲುಗುವುದೇ ಇಲ್ಲ. ಕಣ್ಣು ಇದನ್ನು ಎರಡು ದಿನದಲ್ಲಿ ಕಲಿತುಬಿಡುತ್ತದೆ. ಕಿವಿ ಕೂಡ ಬಣ್ಣದ ಬದಲು ಜೋರನ್ನು ಹಿಡಿದು ಊಹಿಸತೊಡಗುತ್ತದೆ. ಏರಿಸಿದ ಮೇಲೆ ಒಟ್ಟು ಮಟ್ಟವನ್ನು ಸರಿದೂಗಿಸುವ ಆಯ್ಕೆ ಇದ್ದರೆ ಹಾಕಿಕೊಳ್ಳಿ.

ಮೂರನೆಯದು ಕ್ಲಿಪ್ಪಿಂಗ್, ಅಂದರೆ ಧ್ವನಿ ಮೇಲಿನ ಮಿತಿ ಮುಟ್ಟಿ ಒಡೆಯುವುದು. ಈಗಿನ ಹಾಡುಗಳು ಮಿತಿಯ ಅಂಚಿನಲ್ಲೇ ಇರುತ್ತವೆ. ಅವುಗಳ ಮೇಲೆ 12 ಡಿಬಿ ಹೇರಿದರೆ ಧ್ವನಿ ಒಡೆದು, ಇಲ್ಲದ ಫ್ರೀಕ್ವೆನ್ಸಿಗಳು ಹುಟ್ಟಿಕೊಳ್ಳುತ್ತವೆ. 125 ಏರಿಸಿದ್ದು ಗರಗರ ಎಂದು 3000ದ ಹಾಗೆ ಕೇಳಬಹುದು. ನಿಮ್ಮದೇ ಹಾಡು ಹಾಕುವ ಮೊದಲು ಅದನ್ನು 12 ಡಿಬಿ ತಗ್ಗಿಸಿ, ಕಡಿಮೆಯಾದ ಜೋರನ್ನು ಹೆಡ್‌ಫೋನಿನ ವಾಲ್ಯೂಮ್‌ನಿಂದ ತುಂಬಿಕೊಳ್ಳಿ.

ಇಷ್ಟೆಲ್ಲ ಸರಿಪಡಿಸಿ ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಕೇಳಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅದರಲ್ಲಿ 200 ಹರ್ಟ್ಸ್ ಕೆಳಗೆ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ. ತಂತಿಯ ಹೆಡ್‌ಫೋನ್ ಒಂದನ್ನು ಗೊತ್ತುಮಾಡಿ ಅದನ್ನೇ ಬಳಸಿ. ಫೋನಿನ ಡಾಲ್ಬಿ, ‘ಬೇಸ್ ಬೂಸ್ಟ್’, ಮತ್ತಿತರ ಧ್ವನಿ ಸುಧಾರಣೆಗಳನ್ನೆಲ್ಲ ಆಫ್ ಮಾಡಿ.

ಪರದೆಯೇ ಇಲ್ಲದ ಅಗ್ಗದ ದಾರಿ

ಖರ್ಚು ಬೇಡವೆನ್ನುವವರು ಅಡಾಸಿಟಿ ಎಂಬ ಉಚಿತ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ಅರ್ಧ ದಿನದ ಕೆಲಸ ಮಾಡಿದರೆ ಪಾಠ ಸಿದ್ಧ. ಪಿಂಕ್ ನಾಯ್ಸ್ ಹುಟ್ಟಿಸಿ, 12 ಸೆಕೆಂಡ್, ಆಂಪ್ಲಿಟ್ಯೂಡ್ 0.2. ನಡುವಿನ 4 ಸೆಕೆಂಡನ್ನು ಆಯ್ದು ಗ್ರಾಫಿಕ್ ಈಕ್ಯೂ ತೆರೆಯಿರಿ. ಅದರಲ್ಲಿ ಸ್ಲೈಡರ್‌ಗಳು ಮೂರನೇ ಒಂದು ಸ್ಥಾಯಿಯವು, ಆದ್ದರಿಂದ ಒಂದು ಸ್ಥಾಯಿ ಅಗಲಕ್ಕೆ ಮೂರನ್ನು ಒಟ್ಟಿಗೆ ಏರಿಸಬೇಕು: 1000ಕ್ಕಾಗಿ 800, 1000, 1250. 12 ಡಿಬಿ ಎಂದರೆ ನಾಲ್ಕು ಪಟ್ಟು, 0.2 ಹೆಚ್ಚೆಂದರೆ 0.8ರ ಸುತ್ತ ಹೋಗುತ್ತದೆ, ಒಡೆಯುವ ಭಯವಿಲ್ಲ. ಫೈಲಿಗೆ ಫ್ರೀಕ್ವೆನ್ಸಿಯದೇ ಹೆಸರಿಟ್ಟು ಉಳಿಸಿ. ಹೀಗೆ ಒಂಬತ್ತೋ ಹತ್ತೋ ಫೈಲ್ ಮಾಡಿ ಫೋನಿಗೆ ಹಾಕಿ, ಷಫಲ್ ಒತ್ತಿ, ಫೋನ್ ಬೋರಲು. ಕೇಳಿ, ಹೇಳಿ, ತಿರುಗಿಸಿ ಹೆಸರು ನೋಡಿ. ಅಂಕ, ಪದಕ, ಪಟಾಕಿ ಏನೂ ಇಲ್ಲ. ಆದರೆ ಕಣ್ಣಿಗೆ ಇಲ್ಲಿ ಕದಿಯಲು ಏನೂ ಸಿಗದು.

ಕನ್ನಡ ಕಿವಿಗೆ ಸಿದ್ಧವಾಗಿರುವ ಏಣಿ

ಅಂಕಿಗಳನ್ನು ಒಣ ನೆನಪಿನಲ್ಲಿ ಇಟ್ಟುಕೊಳ್ಳುವುದು ಕಷ್ಟ. ಪಿಂಕ್ ನಾಯ್ಸ್‌ನಲ್ಲಿ ಒಂದು ಸ್ಥಾಯಿಯನ್ನು ಏರಿಸಿದಾಗ ಅದಕ್ಕೆ ಸ್ವರಾಕ್ಷರದ ಛಾಯೆ ಬರುತ್ತದೆ: 250 ಏರಿಸಿದರೆ ‘ಊ’, 500 ‘ಓ’, 1000 ‘ಆ’, 2000 ‘ಏ’, 4000 ‘ಈ’. ಬಾಯಿಯ ಗೂಡು ಈ ಅಕ್ಷರಗಳನ್ನು ನುಡಿಯುವಾಗ ಒತ್ತಿ ತೋರುವ ಜಾಗಗಳೂ ಸುಮಾರಾಗಿ ಇವೇ ಆಗಿರುವುದು ಅದಕ್ಕೆ ಕಾರಣ. ವ್ಯಂಜನಗಳೂ ನೆರವಿಗೆ ಬರುತ್ತವೆ. ‘ಶ’ದ ಗಾಳಿ 2500–4000ದ ಸುತ್ತ, ‘ಸ’ದ ಗಾಳಿ ಅದಕ್ಕೂ ಮೇಲೆ, 5000ದಿಂದ 8000ದ ಕಡೆಗೆ. ‘ಶಂಕರ’ವನ್ನು ‘ಸಂಕರ’ದಿಂದ ಬೇರೆ ಮಾಡಿ ಕೇಳಬಲ್ಲ ಕಿವಿಗೆ ಈ ಎರಡು ಜಾಗಗಳ ಗುರುತು ಆಗಲೇ ಇದೆ, ಅದಕ್ಕೆ ಅಂಕಿ ಅಂಟಿಸಬೇಕಷ್ಟೆ. ಕೆಳಗಡೆಗೆ ಅಕ್ಷರದ ನೆರವಿಲ್ಲ. 125ಕ್ಕೆ ಮೃದಂಗದ ಗುಮ್ಕಿಯನ್ನೂ 63ಕ್ಕೆ ಕಿಕ್ ಡ್ರಮ್‌ನ ಎದೆಗೆ ತಟ್ಟುವ ಗುದ್ದನ್ನೂ ನೆನೆಸಿಕೊಳ್ಳಬಹುದು.

ಹೀಗಾಗಿ ಪರದೆಯ ಮೇಲಿನ ಗುರುತುಗಳಿಗೆ ನೀವೇ ಹೆಸರು ಬರೆದುಕೊಳ್ಳಲು ಬಿಡುವ ತಂತ್ರಾಂಶ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಮಾನಿಟರಿನ ಕೆಳಗೆ ಒಂದು ಪಟ್ಟಿ ಕಾಗದ ಅಂಟಿಸಿ ಆ ಐದು ಅಕ್ಷರಗಳನ್ನು ಅಳತೆಗೆ ಸರಿಯಾಗಿ ಬರೆಯಿರಿ.

ಪಾಠದ ಕ್ರಮ

ದಿನಕ್ಕೆ 10–15 ನಿಮಿಷ. ಅದಕ್ಕೂ ಹೆಚ್ಚು ಮಾಡಿದರೆ ಕಿವಿ ದಣಿದು ಕೊನೆಯ ಉತ್ತರಗಳು ಹಾಳಾಗುತ್ತವೆ. ಮಟ್ಟ ಸಾಮಾನ್ಯ ಮಾತಿಗಿಂತ ತುಸು ಜೋರು, 70–75 ಡಿಬಿ ಸಾಕು; ಪ್ರತಿದಿನ ಒಂದೇ ಮಟ್ಟ, ಏಕೆಂದರೆ ಜೋರು ಬದಲಾದರೆ ಬೇಸ್ ಮತ್ತು ಟ್ರೆಬಲ್ ಕಿವಿಗೆ ಕೇಳುವ ಪ್ರಮಾಣವೇ ಬದಲಾಗುತ್ತದೆ.

ಮೊದಲು ಪಿಂಕ್ ನಾಯ್ಸ್, 12 ಡಿಬಿ ಏರಿಕೆ, ಕ್ಯೂ 1.41, ನಡುವಿನ ಐದು ಬ್ಯಾಂಡ್‌ಗಳು. 20 ಪ್ರಶ್ನೆಗಳಲ್ಲಿ 16 ಸರಿಯಾಗುವುದು ಎರಡು ದಿನ ಸತತ ಬಂದರೆ ಹತ್ತು ಬ್ಯಾಂಡ್‌ಗೆ ಹೋಗಿ. ಆಮೇಲೆ ಸಂಗೀತ. ಆಮೇಲೆ 6 ಡಿಬಿ, ನಂತರ 3. ಇಳಿಕೆಗಳನ್ನು ತಡವಾಗಿ ತನ್ನಿ. ಅಷ್ಟೇ ಡಿಬಿಯ ಉಬ್ಬಿಗಿಂತ ತಗ್ಗು ಕಿವಿಗೆ ಬೀಳುವುದು ಕಷ್ಟ, ಅದರಲ್ಲೂ ಕಿರಿದಾದ ತಗ್ಗು. ಮೂರನೇ ಒಂದು ಸ್ಥಾಯಿ ಎಲ್ಲದರ ಕೊನೆಗೆ.

ಸಂಗೀತ ಆರಿಸುವಾಗ ತುಂಬಿದ ಹಾಡು ಮೊದಲು, ಒಂಟಿ ವಾದ್ಯ ಕೊನೆಗೆ. ಇಲ್ಲದ್ದನ್ನು ಈಕ್ಯೂ ಏರಿಸಲಾರದು. ಒಂಟಿ ಕೊಳಲಿನ ಧ್ವನಿಮುದ್ರಿಕೆಯಲ್ಲಿ 63 ಏರಿಸಿದರೆ ಮೈಕಿಗೆ ತಾಗಿದ ಗಾಳಿಯ ಗುಡುಗಷ್ಟೇ ಕೇಳೀತು. ತಂಬೂರಿಯ ನಾದ ಒಂದೇ ಸಮ ಇರುವುದರಿಂದ ಒಳ್ಳೆಯ ಅಭ್ಯಾಸದ ಧ್ವನಿ ಎನಿಸುತ್ತದೆ, ಮೇಲಿನ ಬ್ಯಾಂಡ್‌ಗಳಿಗೆ ಹೌದು ಕೂಡ. ಆದರೆ ಕೆಳಗೆ ಅದರ ನಾದಗೆರೆಗಳ ನಡುವೆ ಖಾಲಿ ಜಾಗಗಳಿವೆ. ಕಿರಿದಾದ ಏರಿಕೆ ಆ ಖಾಲಿಯಲ್ಲಿ ಬಿದ್ದರೆ ಏನೂ ಕೇಳಿಸುವುದಿಲ್ಲ. ಅಲ್ಲಿ ಅಂಕ ಕಳೆದರೆ ಬೇಸರ ಬೇಡ.

16000ದಲ್ಲಿ ಪದೇ ಪದೇ ಸೊನ್ನೆ ಬರುತ್ತಿದ್ದರೆ ಆ ಬ್ಯಾಂಡನ್ನೇ ಪಟ್ಟಿಯಿಂದ ತೆಗೆದುಬಿಡಿ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ತುದಿಯನ್ನು. ಅಭ್ಯಾಸದಿಂದ ಅದು ಮರಳುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಪಾಡ್‌ಕಾಸ್ಟ್, ಯೂಟ್ಯೂಬ್ ಮಾತಿನ ವಿಡಿಯೋ ಮಾಡುವವರಿಗೆ ಬಟನ್ ಪರದೆ ಸಾಕು. 125ರಿಂದ 8000ದವರೆಗಿನ ಏಳು ಬ್ಯಾಂಡ್‌ಗಳು ಗುರುತಾದರೆ ಗವ್ವೆನ್ನುವ ಕೋಣೆಯನ್ನೂ ಚುಚ್ಚುವ ‘ಸ’ಕಾರವನ್ನೂ ಹಿಡಿಯಬಹುದು. ಲೈವ್ ಸೌಂಡ್‌ನವರಿಗೆ 31 ಸ್ಲೈಡರ್, ಸೈನ್ ಟೋನ್ ಜೊತೆಗೆ. ಮಿಕ್ಸಿಂಗ್ ಮಾಡುವವರಿಗೆ ಮೊದಲ ಎರಡು ತಿಂಗಳು ಹತ್ತು ಸ್ಲೈಡರಿನ ಸಾಲು, ನಂತರ ಗೆರೆ-ಚುಕ್ಕಿಯ ಪರದೆಯಲ್ಲಿ ಸರಿಪಡಿಸುವ ಪಾಠ. ಮೊದಲ ದಿನವೇ ಚುಕ್ಕಿಗೆ ಕೈ ಹಾಕಿದವರು ಮೂರು ಪ್ರಶ್ನೆಗಳ ಸುಳಿಯಲ್ಲಿ ಒಂದನ್ನೂ ಕಲಿಯದೆ ಬಿಡುವುದೇ ಹೆಚ್ಚು. ಹೆಡ್‌ಫೋನ್ ವಿಮರ್ಶಕರಿಗೆ ಹರ್ಮನ್‌ನದು. ಆಟದ ಪದಕ, ಪಂದ್ಯ ಇದ್ದರಷ್ಟೇ ದಿನವೂ ಕೂರುತ್ತೇನೆ ಎನ್ನುವವರಿಗೆ ಸೌಂಡ್‌ಜಿಮ್. ಅದರಲ್ಲಿ ನಾಚಿಕೆಯೇನಿಲ್ಲ, ದಿನ ತಪ್ಪದಿರುವುದೇ ದೊಡ್ಡದು.

ದುಡ್ಡು ಕೊಡುವ ಮುನ್ನ ಪ್ರಯೋಗದ ಅವಧಿಯಲ್ಲಿ ಕಾಲು ಗಂಟೆ ಕೂತು ಇಷ್ಟನ್ನು ಪರೀಕ್ಷಿಸಿ. ಅನಲೈಸರ್, ಮೀಟರ್ ಎರಡೂ ಆರುತ್ತವೆಯೇ? ನಿಮ್ಮ ಹಾಡು ಹಾಕಬಹುದೇ? ಏರಿಕೆಯನ್ನು 3 ಡಿಬಿಗೆ ಇಳಿಸಬಹುದೇ? ಬೇಡದ ಬ್ಯಾಂಡ್ ತೆಗೆಯಬಹುದೇ? ಯಾವ ಬ್ಯಾಂಡಿನಲ್ಲಿ ಎಷ್ಟು ತಪ್ಪಿತು ಎಂಬ ಲೆಕ್ಕ ಉಳಿಯುತ್ತದೆಯೇ? ಮೂಲ ಮತ್ತು ಪ್ರಶ್ನೆಯ ನಡುವೆ ಕೀಬೋರ್ಡಿನ ಒಂದು ಗುಂಡಿಯಿಂದ, ಕಣ್ಣು ಮುಚ್ಚಿಕೊಂಡೇ ದಾಟಬಹುದೇ? ದಾಟುವಾಗ ‘ಟಕ್’ ಎಂಬ ಸದ್ದು ಬರುತ್ತಿದ್ದರೆ ಬೇಡ, ಆ ಸದ್ದು ಕಿವಿಯ ನೆನಪನ್ನು ಒರೆಸಿಬಿಡುತ್ತದೆ. ಕೊನೆಗೆ ಒಂದು ಪ್ರಶ್ನೆಗೆ ಬೇಕೆಂದೇ ತಪ್ಪು ಉತ್ತರ ಕೊಡಿ. ‘ತಪ್ಪು’ ಎಂದು ಕೆಂಪು ಬಣ್ಣ ತೋರಿಸಿ ಮುಂದಿನ ಪ್ರಶ್ನೆಗೆ ಓಡಿದರೆ ಬೇರೆಯದನ್ನು ಹುಡುಕಿ. ಅಲ್ಲೇ ನಿಂತು, ಎರಡು ಗೆರೆಗಳನ್ನೂ ಒಂದರ ಮೇಲೊಂದು ಬಿಡಿಸಿ, ನೀವು ಹೇಳಿದ್ದು ಹೇಗೆ ಕೇಳುತ್ತದೆ, ನಿಜವಾದದ್ದು ಹೇಗೆ ಕೇಳುತ್ತದೆ ಎಂದು ಬೇಕಾದಷ್ಟು ಸಲ ಬದಲಾಯಿಸಿ ಕೇಳಲು ಬಿಟ್ಟರೆ ಅದನ್ನು ಕೊಳ್ಳಬಹುದು.